ಚಾರ್ಜರಿನ ಮೇಲಣ ಮುದ್ರೆ

ಸಾಲಿಗ್ರಾಮದ ಪೇಟೆಬೀದಿಯಲ್ಲಿ ಮೊಬೈಲಿನ ಸಾಮಾನು ಮಾರುವ ಅಂಗಡಿಗಳು ಈಗ ಹಲವಿವೆ. ಹಿಂದೆ ಕೃಷ್ಣರಾಜನಗರ ತಾಲ್ಲೂಕಿಗೆ ಸೇರಿದ್ದು ಈಗ ತಾನೇ ಒಂದು ತಾಲ್ಲೂಕಿನ ಕೇಂದ್ರವಾಗಿರುವ ಈ ಊರಿಗೆ ಸುತ್ತಣ ಹಳ್ಳಿಗಳ ರೈತರು ಗೊಬ್ಬರಕ್ಕೆಂದೂ ಪಂಪಿನ ದುರಸ್ತಿಗೆಂದೂ ಬರುತ್ತಾರೆ. ಹಿಂದಿರುಗುವಾಗ ಜೇಬಿನಲ್ಲಿ ಒಂದು ಚಾರ್ಜರನ್ನೋ ಕೇಬಲನ್ನೋ ಒಯ್ಯುತ್ತಾರೆ. ಅಂಗಡಿಯ ಮುಂದೆ ತೂಗುಹಾಕಿದ ಚಾರ್ಜರುಗಳನ್ನು ನೋಡಿ. ಎಲ್ಲವೂ ಬಿಳಿಯ ಬಣ್ಣದವು, ಎಲ್ಲವೂ ಅಂಗೈಯಲ್ಲಿ ಅಡಗುವಷ್ಟು ಸಣ್ಣವು. ಒಂದರ ಬೆಲೆ ನೂರು ರೂಪಾಯಿಯಾದರೆ ಪಕ್ಕದ್ದರ ಬೆಲೆ ಐನೂರು, ಅದರಾಚೆಯದು ಸಾವಿರವನ್ನು ಮೀರಿದ್ದು. ಮೂರೂ ಫೋನನ್ನು ತುಂಬುತ್ತವೆ. ಹಾಗಾದರೆ ಹೆಚ್ಚಿನ ಹಣವನ್ನು ನಾವು ಯಾವುದಕ್ಕಾಗಿ ಕೊಡುತ್ತೇವೆ?

ಈ ಪ್ರಶ್ನೆ ನನಗೆ ಎದುರಾದುದು ಒಬ್ಬ ವಿದ್ಯಾರ್ಥಿಯ ಮೂಲಕ. ಕಳೆದ ಮಳೆಗಾಲದಲ್ಲಿ ಅವನು ಒಂದು ಚಾರ್ಜರನ್ನು ಕಾಗದದಲ್ಲಿ ಸುತ್ತಿಕೊಂಡು ಪ್ರಯೋಗಶಾಲೆಗೆ ಬಂದನು. ಅವನ ತಾಯಿ ಪಾತ್ರೆ ತೊಳೆಯುತ್ತಿದ್ದಾಗ ಫೋನು ಕರೆಯಿತಂತೆ. ಒದ್ದೆಯ ಕೈಯಲ್ಲೇ, ಚಾರ್ಜಿಗೆ ಹಾಕಿದ್ದ ಫೋನನ್ನು ಎತ್ತಿದರಂತೆ. ತೋಳೆಲ್ಲ ಸೆಟೆದು ಫೋನು ಗೋಡೆಗೆ ಹಾರಿತಂತೆ. ದೇವರ ದಯೆ, ಅಷ್ಟಕ್ಕೇ ಮುಗಿಯಿತು. ಹುಡುಗನಿಗೆ ಅರ್ಥವಾಗದಿದ್ದುದು ಒಂದೇ. "ಚಾರ್ಜರಿನಿಂದ ಹೊರಬರುವುದು ಐದು ವೋಲ್ಟಲ್ಲವೆ, ಸಾರ್? ಐದು ವೋಲ್ಟು ಶಾಕ್ ಹೊಡೆಯುತ್ತದೆಯೆ?"

ಹೊಡೆಯುವುದಿಲ್ಲ. ನಾಲಗೆಗೆ ತಾಗಿಸಿದರೆ ಚುರುಕೆನ್ನಬಹುದು, ಅಷ್ಟೆ. ಆದುದರಿಂದ ಆ ತಾಯಿಯ ಕೈಯನ್ನು ಸೆಟೆಸಿದುದು ಐದು ವೋಲ್ಟಲ್ಲ, ಗೋಡೆಯೊಳಗಿನ 230 ವೋಲ್ಟು. ಅದು ಫೋನಿನವರೆಗೆ ಹೇಗೆ ಬಂದಿತು ಎಂಬುದನ್ನು ತಿಳಿಯಬೇಕಾದರೆ ಚಾರ್ಜರಿನ ಒಡಲನ್ನು ನೋಡಬೇಕು.

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿದಂದಿನಿಂದ ಬಹುಕಾಲ ನಮ್ಮ ಸೀಮೆಯವರಿಗೆ ವಿದ್ಯುತ್ತೆಂದರೆ ಕಂಬದ ಮೇಲಿನ, ಗೋಡೆಯ ಮೇಲಿನ ವಸ್ತುವಾಗಿದ್ದಿತು. ಕೈಯಲ್ಲಿ ಹಿಡಿದು ಕಿವಿಗೆ ಒತ್ತಿಕೊಳ್ಳುವ ವಸ್ತುವಾಗಿರಲಿಲ್ಲ. ಈಗ ಕಂಬಕ್ಕೂ ಕಿವಿಗೂ ನಡುವೆ ಇರುವುದು ಈ ಬಿಳಿಯ ಪೆಟ್ಟಿಗೆಯೊಂದೇ. ಅದು ಮಾಡುವ ಕೆಲಸ ಹೀಗೆ: 230 ವೋಲ್ಟಿನ ಪರ್ಯಾಯ ಪ್ರವಾಹವನ್ನು ಡಯೋಡುಗಳು ಒಂದೇ ದಿಕ್ಕಿನ ಪ್ರವಾಹವನ್ನಾಗಿ ಮಾಡುತ್ತವೆ. ಆಗ ಒಳಗೆ ನಿಲ್ಲುವ ವೋಲ್ಟೇಜು 230ರ ಶಿಖರಮೌಲ್ಯ, ಎಂದರೆ ಸುಮಾರು 325. ಈ ಪ್ರವಾಹವನ್ನು ಒಂದು ಟ್ರಾನ್ಸಿಸ್ಟರು ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ಕಡಿದು ಕಡಿದು ಪುಟ್ಟ ಪರಿವರ್ತಕವೊಂದಕ್ಕೆ ಉಣಿಸುತ್ತದೆ. ಆವರ್ತಾಂಕ ಹೆಚ್ಚಿದಷ್ಟೂ ಪರಿವರ್ತಕದ ಗಾತ್ರ ಕಿರಿದಾಗಬಹುದು. ಹಳೆಯ ರೇಡಿಯೋಗಳ ಪರಿವರ್ತಕ ಇಟ್ಟಿಗೆಯಂತೆ ತೂಗುತ್ತಿದ್ದುದಕ್ಕೂ ಇಂದಿನ ಚಾರ್ಜರು ನೆಲ್ಲಿಕಾಯಿಯಷ್ಟರಲ್ಲಿ ಕೆಲಸ ಮುಗಿಸುವುದಕ್ಕೂ ಇದೇ ಕಾರಣ. ಪರಿವರ್ತಕದ ಎರಡನೆಯ ಸುರುಳಿಯಿಂದ ಐದು ವೋಲ್ಟು ಹೊರಬರುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿ, ಎರಡು ಸುರುಳಿಗಳ ನಡುವೆ ತಂತಿಯ ಸಂಬಂಧವೇ ಇಲ್ಲವೆಂಬುದು. ಶಕ್ತಿ ದಾಟುವುದು ಕಾಂತಕ್ಷೇತ್ರದ ಮೂಲಕ, ವಿದ್ಯುತ್ತು ದಾಟುವಂತಿಲ್ಲ. ಚಾರ್ಜರೆಂದರೆ ನಡುವೆ ಹೊಳೆ ಹರಿಯುವ ಎರಡು ದಡಗಳಿದ್ದಂತೆ. ಆಚೆಯ ದಡ ಮಾರಕ, ಈಚೆಯದು ನಿರಪಾಯ. ಮಂಡಲದ ಹಲಗೆಯ ಮೇಲೆ ಈ ಹೊಳೆಯ ಅಗಲ ಐದಾರು ಮಿಲಿಮೀಟರಾದರೂ ಇರಬೇಕು. ತೇವ, ಧೂಳು, ಬೆಸುಗೆಯ ಜಿಡ್ಡು ಇವು ಕೂಡಿದರೂ ವಿದ್ಯುತ್ತು ಮೇಲ್ಮೈಯಲ್ಲಿ ತೆವಳಿಕೊಂಡು ದಾಟಬಾರದು. ಪರಿವರ್ತಕದ ಸುರುಳಿಗಳ ನಡುವೆ ಅವಾಹಕ ಪಟ್ಟಿಯ ಸುತ್ತುಗಳಿರಬೇಕು, ಇಲ್ಲವೆ ತಂತಿಗೇ ಮೂರು ಪದರದ ಹೊದಿಕೆ ಇರಬೇಕು.

ಹೊಳೆಗೆ ಒಂದು ಕಿರುಸೇತುವೆಯನ್ನು ಮಾತ್ರ ಬೇಕೆಂದೇ ಕಟ್ಟಿರುತ್ತಾರೆ. ಟ್ರಾನ್ಸಿಸ್ಟರಿನ ಕಡಿತದಿಂದ ಏಳುವ ರೇಡಿಯೋ ಗದ್ದಲವನ್ನು ಹಿಂದಕ್ಕೆ ಕಳುಹಿಸಲು ಎರಡು ದಡಗಳ ನಡುವೆ ಇಡುವ ಧಾರಕ ಅದು. ಅದರ ಬೆಲೆ 2200 ಪಿಕೋಫ್ಯಾರಡ್ ಎಂದುಕೊಳ್ಳಿ. 50 ಹರ್ಟ್ಸಿನ ಮನೆಯ ವಿದ್ಯುತ್ತು ಅದರ ಮೂಲಕ ಎಷ್ಟು ಹರಿದೀತು? ಎರಡನೆಯ ಪಿ.ಯು.ಸಿ. ಓದಿದವರೆಲ್ಲ ಲೆಕ್ಕ ಹಾಕಬಲ್ಲರು: ಎರಡು ಪೈ, ಆವರ್ತಾಂಕ, ಧಾರಕತೆ, ವೋಲ್ಟೇಜು ಇವನ್ನು ಗುಣಿಸಿದರೆ ಬರುವುದು 0.16 ಮಿಲಿಆಂಪೇರು. ಭೂಸಂಪರ್ಕವಿಲ್ಲದ ಇಂಥ ಉಪಕರಣಗಳಿಗೆ ಸುರಕ್ಷತೆಯ ಮಾನಕ ವಿಧಿಸಿರುವ ಮಿತಿ 0.25. ಲೋಹದ ಅಂಚುಳ್ಳ ಫೋನನ್ನು ಚಾರ್ಜಿಗೆ ಹಾಕಿದಾಗ ಬೆರಳಿಗೆ ಜುಮ್ಮೆನ್ನುವುದನ್ನು ನಿಮ್ಮಲ್ಲಿ ಹಲವರು ಅನುಭವಿಸಿರಬೇಕು. ಅದು ಈ ಸೇತುವೆಯ ಮೇಲಣ ನಡಿಗೆ, ಅಪಾಯವಲ್ಲ. ಆದರೆ ಈ ಧಾರಕ ವಿಶೇಷ ಜಾತಿಯದಾಗಿರಬೇಕು. ಕೆಟ್ಟರೂ ಅದು ಕಡಿದುಹೋಗಬೇಕೇ ಹೊರತು ಕೂಡಿಕೊಳ್ಳಬಾರದು.

ಹುಡುಗ ತಂದ ಚಾರ್ಜರನ್ನು ಗರಗಸದಿಂದ ಕೊಯ್ದು ತೆರೆದೆವು. ಹೊಳೆಯ ಅಗಲ ಒಂದು ಮಿಲಿಮೀಟರು. ಪರಿವರ್ತಕದಲ್ಲಿ ಅವಾಹಕ ಪಟ್ಟಿ ಒಂದೇ ಸುತ್ತು. ಸೇತುವೆಯ ಜಾಗದಲ್ಲಿ ಕೂರಿಸಿದ್ದುದು ಸಾಮಾನ್ಯ ಧಾರಕ. ಮೈ ಬಿರುಕು ಬಿಟ್ಟಿದ್ದಿತು. ಬಿಡಿಸಿ ಅಳೆದಾಗ ಧಾರಕವಾಗಿರಬೇಕಾದ ಅದು ಸುಮಾರು 20,000 ಓಮಿನ ರೋಧಕದಂತೆ ವರ್ತಿಸಿತು. ಒದ್ದೆಯ ಕೈ, ಒದ್ದೆಯ ನೆಲ. ದೇಹದ ರೋಧ ಸಾವಿರ ಓಮ್‌ಗೆ ಇಳಿದಿದ್ದೀತು. ಡಯೋಡುಗಳ ಲೆಕ್ಕವನ್ನು ಬದಿಗಿಟ್ಟು 230ನ್ನು 21,000ದಿಂದ ಭಾಗಿಸಿದರೆ ಹನ್ನೊಂದು ಮಿಲಿಆಂಪೇರಿನಷ್ಟು. ಹತ್ತು ಮಿಲಿಆಂಪೇರಿನ ಆಸುಪಾಸಿನಲ್ಲಿ ಕೈಯ ಸ್ನಾಯುಗಳು ನಮ್ಮ ಮಾತು ಕೇಳುವುದನ್ನು ಬಿಡುತ್ತವೆ. ಐವತ್ತು, ನೂರರ ಹೊತ್ತಿಗೆ ಹೃದಯ ಲಯ ತಪ್ಪಬಹುದು. ಧಾರಕ ಇನ್ನೊಂದಿಷ್ಟು ಕೂಡಿಕೊಂಡಿದ್ದರೆ ಎಂಬ ಲೆಕ್ಕವನ್ನು ಹುಡುಗ ತಾನೇ ಮಾಡಿದನು. ನಾನು ಕರಿಹಲಗೆಯನ್ನು ಒರೆಸಿದೆ.

ಇದು ಒಂದೆರಡು ಚಾರ್ಜರುಗಳ ಕತೆಯಲ್ಲ. ಅಮೆರಿಕೆಯ ಯು.ಎಲ್. ಎಂಬ ಪರೀಕ್ಷಾ ಸಂಸ್ಥೆ 2016ರಲ್ಲಿ ಆಪಲ್ ಚಾರ್ಜರಿನ ನಕಲುಗಳನ್ನು ಹಲವು ದೇಶಗಳಿಂದ ತರಿಸಿ ಪರೀಕ್ಷಿಸಿತು. ನಕಲುಗಳು ನಾನೂರು, ಎರಡು ದಡಗಳ ನಡುವಣ ಅವಾಹಕದ ಪರೀಕ್ಷೆಯಲ್ಲಿ ತೇರ್ಗಡೆಯಾದುವು ಮೂರು. ಹನ್ನೆರಡರ ರಚನೆ ಪ್ರಾಣಕ್ಕೇ ಎರವಾಗುವಷ್ಟು ಕೆಟ್ಟದಾಗಿದ್ದಿತು.

ಇನ್ನು ಮುದ್ರೆಯ ಮಾತಿಗೆ ಬರೋಣ. ಕೊಯ್ಯುವ ಮೊದಲೇ ಹುಡುಗ ನನಗೆ ಆ ಚಾರ್ಜರಿನ ಬೆನ್ನನ್ನು ತೋರಿಸಿದ್ದನು. "ಇದರ ಮೇಲೆ ಸರ್ಕಾರದ ನಂಬರು ಇದೆಯಲ್ಲ, ಸಾರ್?" ಹೌದು, ಇದ್ದಿತು. ಐ.ಎಸ್. 13252 ಎಂಬ ಮಾನಕದ ಸಂಖ್ಯೆ, ಅದರ ಕೆಳಗೆ ಇಂಗ್ಲಿಷಿನ ಆರ್ ಅಕ್ಷರ, ಒಂದು ಅಡ್ಡಗೆರೆ, ಎಂಟು ಅಂಕೆಗಳು. ಇದರ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು.

ವಸ್ತುಗಳಿಗೆ ಮಾನಕಗಳನ್ನು ಗೊತ್ತುಮಾಡುವ ಸಂಸ್ಥೆ ನಮ್ಮ ದೇಶದಲ್ಲಿ 1947ರಲ್ಲಿಯೇ ಹುಟ್ಟಿತು. ಅದರ ಐ.ಎಸ್.ಐ. ಗುರುತನ್ನು ಸಿಮೆಂಟಿನ ಚೀಲದ ಮೇಲೂ ಇಸ್ತ್ರಿಪೆಟ್ಟಿಗೆಯ ಮೇಲೂ ಎಲ್ಲರೂ ಕಂಡಿದ್ದಾರೆ. 1987ರಲ್ಲಿ ಅದು ಭಾರತೀಯ ಮಾನಕ ಬ್ಯೂರೋ ಆಯಿತು. ಅಗ್ಗದ ವಿದ್ಯುನ್ಮಾನ ಸಾಮಗ್ರಿ ದೇಶದೊಳಕ್ಕೆ ಹೊಳೆಯಾಗಿ ಹರಿಯತೊಡಗಿದ ಮೇಲೆ, 2012ರಲ್ಲಿ ಕೇಂದ್ರ ಸರ್ಕಾರ ಕಡ್ಡಾಯ ನೋಂದಣಿಯ ಆಜ್ಞೆಯನ್ನು ಹೊರಡಿಸಿತು; 2013ರ ಜುಲೈಯಲ್ಲಿ ಅದು ಜಾರಿಗೆ ಬಂದಿತು. ಕಂಪ್ಯೂಟರು ಮುಂತಾದ ಉಪಕರಣಗಳ ವಿದ್ಯುತ್ ಅಡಾಪ್ಟರುಗಳು ಮೊದಲ ಪಟ್ಟಿಯಲ್ಲಿರಲಿಲ್ಲ, ಎರಡನೆಯದರಲ್ಲಿ ಸೇರಿದುವು. 2014ರ ನವೆಂಬರಿನ ಎರಡನೆಯ ಪಟ್ಟಿಯಲ್ಲಿ ಮೊಬೈಲ್ ಫೋನು, ಅದರ ಬ್ಯಾಟರಿ, ಪವರ್ ಬ್ಯಾಂಕು ಸೇರಿದುವು. ಬರಿಯ ಕೇಬಲು ಈ ಎರಡು ಪಟ್ಟಿಗಳಲ್ಲಿಯೂ ಇರಲಿಲ್ಲ. ಆ ಮಾತಿಗೆ ಮತ್ತೆ ಬರುತ್ತೇನೆ.

ನೋಂದಣಿ ನಡೆಯುವ ಬಗೆ ಇದು. ಅರ್ಜಿ ಹಾಕಬೇಕಾದವನು ಅಂಗಡಿಯವನಲ್ಲ, ತಯಾರಕ. ಅವನು ಹೊರದೇಶದವನಾದರೆ ಅವನ ಪರವಾಗಿ ಹೊಣೆ ಹೊರುವ ಪ್ರತಿನಿಧಿ ಭಾರತದಲ್ಲಿರಬೇಕು. ಮಾದರಿಯೊಂದನ್ನು ಬ್ಯೂರೋ ಮಾನ್ಯ ಮಾಡಿದ ಪ್ರಯೋಗಶಾಲೆಗೆ ಒಪ್ಪಿಸಬೇಕು. ಅಲ್ಲಿ ಎರಡು ದಡಗಳ ನಡುವೆ 3,000 ವೋಲ್ಟನ್ನು ಒಂದು ನಿಮಿಷ ಹೇರಿ ನೋಡುತ್ತಾರೆ, ಮಂಡಲದ ಒಂದೊಂದೇ ಭಾಗವನ್ನು ಬೇಕೆಂದೇ ಕೆಡಿಸಿ, ಬೆಂಕಿ ಹತ್ತುವುದೇ ಎಂದು ನೋಡುತ್ತಾರೆ, ದೂರಗಳನ್ನು ಅಳೆಯುತ್ತಾರೆ. ವರದಿ ಒಪ್ಪಿಗೆಯಾದರೆ ಆ ಕಾರ್ಖಾನೆಗೆ ಒಂದು ಸಂಖ್ಯೆ ದೊರೆಯುತ್ತದೆ. ಬೆಂಗಳೂರಿನ ಪೀಣ್ಯದಲ್ಲಿ ಬ್ಯೂರೋದ ಶಾಖೆಯೂ ಇದೆ, ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಪರೀಕ್ಷಾ ಕೇಂದ್ರವೂ ಇದೆ.

ಈಗ ಸಾಲಿಗ್ರಾಮದ ಅಂಗಡಿಯ ತಕ್ಕಡಿಯನ್ನು ನೆನೆಯಿರಿ. ಪ್ರತಿಯೊಂದು ತೂಕದ ಬಟ್ಟನ್ನೂ ಅಳತೆ-ತೂಕದ ಅಧಿಕಾರಿ ಪ್ರತ್ಯೇಕವಾಗಿ ತೂಗಿ ನೋಡಿ ಅದರ ಮೈಮೇಲೆಯೇ ಮುದ್ರೆ ಒತ್ತುತ್ತಾನೆ. ಅವಧಿ ತೀರಿದ ಮೇಲೆ ಮತ್ತೆ ತೂಗುತ್ತಾನೆ. ನಿಮ್ಮ ಕೈಯಲ್ಲಿರುವ ಬಟ್ಟೇ ಪರೀಕ್ಷೆಗೆ ಒಳಗಾದ ಬಟ್ಟು. ಚಾರ್ಜರಿನ ಸಂಗತಿ ಹಾಗಲ್ಲ. ಪರೀಕ್ಷೆಗೆ ಒಳಗಾದದ್ದು ಅದರ ಅಣ್ಣ. ತಮ್ಮಂದಿರೆಲ್ಲರೂ ಅಣ್ಣನಂತೆಯೇ ಇದ್ದಾರೆಂದು ತಯಾರಕ ತಾನೇ ಸಾರುತ್ತಾನೆ. ಸಂಖ್ಯೆಯನ್ನು ಒತ್ತುವವನೂ ಅವನೇ. ಬ್ಯೂರೋ ಆಗಾಗ ಮಾರುಕಟ್ಟೆಯಿಂದ ತುಣುಕುಗಳನ್ನು ಎತ್ತಿ ಪರೀಕ್ಷಿಸುತ್ತದೆ, ನಿಜ. ಆದರೂ ಅಣ್ಣನಿಗೆ ಹಾಕಿದ ಧಾರಕವನ್ನೇ ಲಕ್ಷಾಂತರ ತಮ್ಮಂದಿರಿಗೂ ಹಾಕುವಂತೆ ನೋಡಿಕೊಳ್ಳುವುದು ಕಾನೂನಿಗಿಂತ ಹೆಚ್ಚಾಗಿ ತಯಾರಕನ ಮಾನಕ್ಕೆ ಸೇರಿದ ವಿಚಾರ. ಅದಕ್ಕಿಂತ ಮುಖ್ಯವಾಗಿ, ಪ್ಲಾಸ್ಟಿಕ್ಕಿನ ಮೇಲೆ ಎಂಟು ಅಂಕೆಗಳನ್ನು ಅಚ್ಚು ಹಾಕಲು ಯಾರ ಅಪ್ಪಣೆಯೂ ಬೇಕಿಲ್ಲ.

ಬ್ಯೂರೋ 2020ರಲ್ಲಿ ಹೊರತಂದ ಬಿ.ಐ.ಎಸ್. ಕೇರ್ ಎಂಬ ಆ್ಯಪಿನಲ್ಲಿ ಈ ಸಂಖ್ಯೆಯನ್ನು ಹಾಕಿ ನೋಡಬಹುದು. ತಯಾರಕನ ಹೆಸರು, ವಸ್ತು, ಬ್ರಾಂಡು, ನೋಂದಣಿ ಜೀವಂತವಾಗಿದೆಯೇ ಎಂಬುದು ಎಲ್ಲವೂ ಬರುತ್ತದೆ. ನಾವೂ ಹಾಕಿ ನೋಡಿದೆವು. ಸಂಖ್ಯೆ ನಿಜವಾದದ್ದೇ. ಆದರೆ ಅದು ಯಾರದೋ ಎಲ್.ಇ.ಡಿ. ದೀಪದ ಸಂಖ್ಯೆ. ಹುಡುಗ ನಕ್ಕುಬಿಟ್ಟನು, ನನಗೆ ನಗು ಬರಲಿಲ್ಲ.

ಸುರಕ್ಷತೆಯ ಮುದ್ರೆ ಹೇಳುವುದು ಒಂದೇ ಮಾತು: ಇದು ನಿನ್ನನ್ನು ಕೊಲ್ಲುವುದಿಲ್ಲ. ನಿನ್ನ ಫೋನಿಗೆ ಇದು ಹೊಂದುತ್ತದೆಯೆ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಹೊಂದಿಕೆಯ ಸಾಕ್ಷ್ಯವೇ ಬೇರೆ, ಅದನ್ನು ನುಡಿಯುವವರೇ ಬೇರೆ. ಯು.ಎಸ್.ಬಿ. ಎಂಬ ಕೂಡುಕೊಂಡಿಯನ್ನು ನೋಡಿಕೊಳ್ಳಲು 1995ರಲ್ಲಿ ಕೈಗಾರಿಕೆಗಳೇ ಕೂಡಿ ಒಂದು ವೇದಿಕೆಯನ್ನು ಮಾಡಿಕೊಂಡುವು. ಅದು ನಿಯಮಗಳನ್ನು ಪ್ರಕಟಿಸುತ್ತದೆ. ಪರೀಕ್ಷೆಯಲ್ಲಿ ಗೆದ್ದ ವಸ್ತುಗಳಿಗೆ ತನ್ನ ಲಾಂಛನವನ್ನು ಬಳಸುವ ಹಕ್ಕು ಕೊಡುತ್ತದೆ. ಪರೀಕ್ಷೆಯೇ ಬೇಡವೆನ್ನುವವನು ಲಾಂಛನವಿಲ್ಲದೆ ಮಾರಬಹುದು. ಹೀಗೆ ಮಾರಿದ ಕೇಬಲುಗಳಿಂದ 2015ರಲ್ಲಿ ಏನಾಯಿತು ಎಂಬುದು ಓಮನ ನಿಯಮವನ್ನು ಕಲಿತವರಿಗೆ ಬಲು ಸ್ವಾರಸ್ಯವಾದ ಪ್ರಸಂಗ.

2014ರಲ್ಲಿ ಬಂದ ಟೈಪ್-ಸಿ ಎಂಬ ಇಪ್ಪತ್ತನಾಲ್ಕು ಮೊಳೆಗಳ ಕೊಂಡಿಯಲ್ಲಿ ಫೋನು ಮತ್ತು ಚಾರ್ಜರು ಒಂದಕ್ಕೊಂದು ಮಾತನಾಡಿಕೊಳ್ಳುವುದು ಬರಿಯ ಎರಡು ರೋಧಕಗಳ ಮೂಲಕ. ಫೋನಿನ ಒಳಗೆ 5,100 ಓಮಿನ ಒಂದು ರೋಧಕ ಭೂಮಿಗೆ ಕಟ್ಟಿರುತ್ತದೆ. ಚಾರ್ಜರಿನ ಕಡೆಯಲ್ಲಿ ಇನ್ನೊಂದು ಐದು ವೋಲ್ಟಿಗೆ ಕಟ್ಟಿರುತ್ತದೆ. ಎರಡೂ ಸರಣಿಯಲ್ಲಿ ಕೂಡಿದಾಗ ನಡುವಣ ಬಿಂದುವಿನ ವೋಲ್ಟೇಜನ್ನು ಫೋನು ಅಳೆದು, ಎಷ್ಟು ಪ್ರವಾಹವನ್ನು ಕೇಳಬಹುದೆಂದು ನಿರ್ಧರಿಸುತ್ತದೆ. ಚಾರ್ಜರಿನ ಕಡೆಯದು 56,000 ಓಮಾದರೆ ಬಿಂದುವಿನಲ್ಲಿ 0.42 ವೋಲ್ಟು, "ನಾನು ಬಡವ, ಮಾಮೂಲು ಪ್ರವಾಹವನ್ನಷ್ಟೇ ಕೊಡಬಲ್ಲೆ" ಎಂದರ್ಥ. 22,000 ಆದರೆ 0.94 ವೋಲ್ಟು, ಒಂದೂವರೆ ಆಂಪೇರು. 10,000 ಆದರೆ 1.69 ವೋಲ್ಟು, ಮೂರು ಆಂಪೇರು ಧಾರಾಳವಾಗಿ ತೆಗೆದುಕೊ. ಲೆಕ್ಕವನ್ನು ನೀವೇ ಹಾಕಿ ನೋಡಿ. ಇಷ್ಟು ಸರಳವಾದ ಭಾಷೆಯನ್ನು ಕಟ್ಟಿದವರ ಜಾಣ್ಮೆಯನ್ನು ಮೆಚ್ಚಬೇಕು.

ತೊಡಕು ಹುಟ್ಟಿದುದು ಹಳೆಯ ಚೌಕದ ಕೊಂಡಿಯಿಂದ ಹೊಸ ಕೊಂಡಿಗೆ ಹೋಗುವ ಕೇಬಲುಗಳಲ್ಲಿ. ಹಳೆಯ ಚಾರ್ಜರಿಗೆ ಈ ಭಾಷೆ ಬಾರದು. ಆದುದರಿಂದ ಅದರ ಪರವಾಗಿ ಮಾತನಾಡುವ ರೋಧಕ ಕೇಬಲಿನೊಳಗೇ ಇರಬೇಕು. ಆ ಕಡೆ ಇರುವುದು ಅರ್ಧ ಆಂಪೇರು ಮಾತ್ರ ಕೊಡಬಲ್ಲ ಹಳೆಯ ಕಂಪ್ಯೂಟರೂ ಆಗಿರಬಹುದಾದ್ದರಿಂದ ಅದು 56,000 ಓಮೇ ಆಗಿರಬೇಕೆಂಬುದು ನಿಯಮ. ಎಷ್ಟೋ ತಯಾರಕರು 10,000 ಓಮಿನದನ್ನು ಕೂರಿಸಿದರು. ಬಡವನ ಹೆಸರಿನಲ್ಲಿ ಕೇಬಲು ಧನಿಕನ ಮಾತನ್ನಾಡಿತು. ಫೋನು ನಂಬಿ ಮೂರು ಆಂಪೇರು ಕೇಳಿತು. ಗೂಗಲಿನ ಎಂಜಿನಿಯರ್ ಬೆನ್ಸನ್ ಲ್ಯೂಂಗ್ ಎಂಬುವರು 2015ರ ನವೆಂಬರಿನಿಂದ ಅಮೆಜಾನಿನಲ್ಲಿ ಮಾರುತ್ತಿದ್ದ ಕೇಬಲುಗಳನ್ನು ತಾವೇ ಕೊಂಡು ಅಳೆದು ಫಲಿತಾಂಶಗಳನ್ನು ಪ್ರಕಟಿಸತೊಡಗಿದರು. 2016ರ ಆರಂಭದಲ್ಲಿ ಅವರು ಕೊಂಡ ಒಂದು ಕೇಬಲಿನಲ್ಲಿ ಧನ ಮತ್ತು ಭೂ ತಂತಿಗಳೇ ಅದಲುಬದಲಾಗಿದ್ದು, ಅವರ ಕಂಪ್ಯೂಟರೇ ಕೆಟ್ಟುಹೋಯಿತು. ಆ ವರ್ಷದ ಮಾರ್ಚಿಯಲ್ಲಿ ಅಮೆಜಾನು ನಿಯಮಕ್ಕೆ ಹೊಂದದ ಇಂಥ ಕೇಬಲುಗಳ ಮಾರಾಟವನ್ನು ನಿಷೇಧಿಸಿತು. ಒಂದು ಮಾಪಕವನ್ನು ಕೈಯಲ್ಲಿ ಹಿಡಿದ ಒಬ್ಬ ಮನುಷ್ಯ ಲಾಂಛನ ಮಾಡಲಾಗದಿದ್ದುದನ್ನು ಮಾಡಿದನು.

ಮೂರನೆಯ ಬಗೆಯ ಮುದ್ರೆ ಇವೆರಡಕ್ಕಿಂತ ಬೇರೆ, ಇದು ಪರವಾನಗಿ. ಆಪಲ್ ಕಂಪನಿ 2005ರಲ್ಲಿ "ಮೇಡ್ ಫಾರ್ ಐಪಾಡ್" ಎಂಬ ಏರ್ಪಾಡನ್ನು ಆರಂಭಿಸಿತು. ಅನ್ಯ ತಯಾರಕರು ಕರಾರಿಗೆ ಸಹಿ ಹಾಕಿ, ಹಣ ಕೊಟ್ಟು, ವಸ್ತುವನ್ನು ಪರೀಕ್ಷೆಗೆ ಒಪ್ಪಿಸಿದರೆ ಈ ಮಾತನ್ನು ಪೆಟ್ಟಿಗೆಯ ಮೇಲೆ ಅಚ್ಚು ಹಾಕಬಹುದು. ಮುಂದೆ ಇದು ಐಫೋನಿಗೂ ವಿಸ್ತರಿಸಿತು. 2012ರಲ್ಲಿ ಲೈಟ್ನಿಂಗ್ ಎಂಬ ಎಂಟು ಮೊಳೆಗಳ ಕೊಂಡಿ ಬಂದಾಗ ಮುದ್ರೆ ಪೆಟ್ಟಿಗೆಯನ್ನು ಬಿಟ್ಟು ತಂತಿಯೊಳಕ್ಕೆ ಇಳಿಯಿತು: ಕೇಬಲಿನ ತುದಿಯಲ್ಲಿ ಅಕ್ಕಿಕಾಳಿನಷ್ಟು ಒಂದು ಚಿಪ್ಪು; ಫೋನು ಅದಕ್ಕೆ ಪ್ರಶ್ನೆ ಹಾಕುತ್ತದೆ, ಸರಿಯುತ್ತರ ಬಂದರೆ ಒಪ್ಪುತ್ತದೆ. ಬಾರದಿದ್ದರೆ, 2013ರಿಂದೀಚೆಗೆ, ಈ ಕೇಬಲು ಪ್ರಮಾಣಿತವಲ್ಲವೆಂಬ ಎಚ್ಚರಿಕೆ ಪರದೆಯ ಮೇಲೆ ಮೂಡತೊಡಗಿತು. ಆ ಚಿಪ್ಪಿಗೂ ನಕಲುಗಳು ಬೇಗನೆ ಹುಟ್ಟಿಕೊಂಡುವು.

ಈ ಏರ್ಪಾಡಿನಲ್ಲಿ ಎರಡು ವಿಷಯಗಳು ಹೆಣೆದುಕೊಂಡಿವೆ. ಪರೀಕ್ಷೆ ನಡೆಯುತ್ತದೆ, ಕಳಪೆಯ ಮಾಲು ಸೋಸಿಹೋಗುತ್ತದೆ, ಇದು ಒಳ್ಳೆಯದೇ. ಆದರೆ ಪರೀಕ್ಷಕನೂ ಸುಂಕ ವಸೂಲಿ ಮಾಡುವವನೂ, ಅದೇ ಕೇಬಲನ್ನು ತಾನೂ ಮಾರುವವನೂ ಒಬ್ಬನೇ. ಕೊಳ್ಳುವವನು ಕೊಟ್ಟ ಬೆಲೆಯಲ್ಲಿ ತಾಮ್ರಕ್ಕೆಷ್ಟು, ಪರೀಕ್ಷೆಗೆಷ್ಟು, ಅಪ್ಪಣೆಗೆಷ್ಟು ಎಂಬುದು ಅವನಿಗೆ ಕಾಣುವುದಿಲ್ಲ. ಅಪ್ಪಣೆಯಿಲ್ಲದ ಕೇಬಲು ಅಪಾಯದ್ದೇ ಎಂಬ ಭಾವನೆಯನ್ನು ಪರದೆಯ ಎಚ್ಚರಿಕೆ ಹುಟ್ಟಿಸುತ್ತದೆ. ಆ ಚಿಪ್ಪಿಗೂ ಗೋಡೆಯ 230 ವೋಲ್ಟಿಗೂ ಯಾವ ಸಂಬಂಧವೂ ಇಲ್ಲ. ಹೊಳೆ ಇರುವುದು ಚಾರ್ಜರಿನಲ್ಲಿ, ಕೇಬಲಿನಲ್ಲಲ್ಲ. ನನ್ನನ್ನು ಕೇಳಿದರೆ, ಕೈಯಲ್ಲಿ ಹಣ ಕಡಿಮೆಯಿದ್ದವನು ಮೊದಲು ಚಾರ್ಜರಿಗೆ ವೆಚ್ಚ ಮಾಡಲಿ, ಲಾಂಛನಗಳ ವಿಚಾರವನ್ನು ಆಮೇಲೆ ನೋಡಲಿ.

ಯೂರೋಪಿನ ಒಕ್ಕೂಟ ಈ ಗಂಟನ್ನು ಬೇರೆ ರೀತಿಯಲ್ಲಿ ಬಿಡಿಸಿತು. ಅದರ 2022ರ ಕಾನೂನಿನಂತೆ 2024ರ ಡಿಸೆಂಬರ್ 28ರಿಂದ ಅಲ್ಲಿ ಮಾರುವ ಹೊಸ ಫೋನುಗಳಿಗೆಲ್ಲ ಟೈಪ್-ಸಿ ಕೊಂಡಿಯೇ ಇರಬೇಕು. ಆಪಲ್ 2023ರಲ್ಲಿಯೇ ತನ್ನ ಐಫೋನ್ 15ಕ್ಕೆ ಆ ಕೊಂಡಿಯನ್ನು ಅಳವಡಿಸಿತು. ನಮ್ಮ ಬ್ಯೂರೋ ಕೂಡ ಟೈಪ್-ಸಿಯ ಅಂತರರಾಷ್ಟ್ರೀಯ ಮಾನಕವನ್ನು ಭಾರತೀಯ ಮಾನಕವನ್ನಾಗಿ ಅಂಗೀಕರಿಸಿರುವುದನ್ನು 2023ರ ಜನವರಿಯಲ್ಲಿ ಪ್ರಕಟಿಸಿತು. ಆದರೆ ಮಾನಕ ಪ್ರಕಟವಾದುದರಿಂದಲೇ ಅದು ಕಡ್ಡಾಯವಾಗುವುದಿಲ್ಲ. ಕಡ್ಡಾಯಕ್ಕೆ ಸರ್ಕಾರದ ಬೇರೆ ಆಜ್ಞೆ ಬೇಕು. ಇತ್ತ ಯು.ಎಸ್.ಬಿ. ವೇದಿಕೆಯೂ ಫೋನು ಚಾರ್ಜರಿನ ಗುರುತನ್ನು ಗೂಢಲಿಪಿಯ ಮೂಲಕ ಕೇಳಿ ಒಪ್ಪುವ ಏರ್ಪಾಡೊಂದನ್ನು 2019ರಲ್ಲಿ ಆರಂಭಿಸಿತು. ಅದು ಕಳಪೆಯ ಚಾರ್ಜರುಗಳನ್ನು ಹೊರಗಿಡುವ ಬಾಗಿಲೂ ಆಗಬಹುದು, ಅಪ್ಪಣೆಯಿಲ್ಲದವರನ್ನು ಹೊರಗಿಡುವ ಬೀಗವೂ ಆಗಬಹುದು. ತಂತ್ರ ಎರಡಕ್ಕೂ ಒಂದೇ.

ಹುಡುಗ ಎರಡು ವಾರದ ಮೇಲೆ ಮತ್ತೆ ಬಂದನು. ಹೊಸ ಚಾರ್ಜರಿನ ಸಂಖ್ಯೆಯನ್ನು ಈ ಬಾರಿ ಅಂಗಡಿಯಲ್ಲಿಯೇ ಆ್ಯಪಿಗೆ ಹಾಕಿ ನೋಡಿದ್ದನಂತೆ. ಅಂಗಡಿಯವರು ಮೊದಲು ಮುಖ ಸಿಂಡರಿಸಿದರೂ ಆಮೇಲೆ ತಾವೂ ಫೋನನ್ನು ತೆಗೆದು ಬೇರೆ ಪೆಟ್ಟಿಗೆಗಳ ಸಂಖ್ಯೆಗಳನ್ನು ನೋಡತೊಡಗಿದರಂತೆ. ಕೇಬಲುಗಳನ್ನು ನಂಬುವ ಬಗೆ ಹೇಗೆಂದು ಕೇಳಿ, ಮನೆಯಲ್ಲಿದ್ದ ಎರಡನ್ನೂ ತಂದಿದ್ದನು. ಟೈಪ್-ಸಿಯ ಮೊಳೆಗಳನ್ನು ಹೊರಕ್ಕೆ ಎಳೆದುಕೊಡುವ ಸಣ್ಣ ಹಲಗೆಯೊಂದು ನಮ್ಮಲ್ಲಿದೆ. ಅದಕ್ಕೆ ಕೇಬಲನ್ನು ಚುಚ್ಚಿ, ಧನ ತಂತಿಗೂ ಮಾತಿನ ತಂತಿಗೂ ನಡುವೆ ಮಾಪಕವನ್ನು ಹಿಡಿದೆವು. ಹೆಣೆದ ನೂಲಿನ ಹೊದಿಕೆಯ, ನೋಡಲು ಬಲು ಸೊಗಸಾದ ಕೇಬಲು 10,000 ಓಮ್ ತೋರಿಸಿತು. ಕೊಳೆಯಾಗಿ ಸುಕ್ಕುಗಟ್ಟಿದ್ದ ಹಳೆಯದು 56,000.